ಅಳಲಿನ ಭಾಷೆ

ಮುಂಬಯಿಯ ಕನ್ನಡಿಗರಾದ ನಾವು ಅಂಗಡಿಯಲ್ಲಿ ಮರಾಠಿಯನ್ನೂ ರೈಲಿನಲ್ಲಿ ಹಿಂದಿಯನ್ನೂ ಸಲೀಸಾಗಿ ನುಡಿಯುತ್ತೇವೆ. ಎದೆಯ ಅಳಲು ಮಾತ್ರ ಹೊರಬರುವುದು ಕನ್ನಡದಲ್ಲಿಯೇ. ಆದರೆ ಕನ್ನಡ ಬಲ್ಲ ನೆರೆಯವರಿಗೆ ಹೇಳಿದರೆ ಸುದ್ದಿ ಊರನ್ನು ಮುಟ್ಟೀತೆಂಬ ಅಂಜಿಕೆ! ಊರಿನಿಂದ ಫೋನು ಬಂದರೆ ‘ಎಲ್ಲರೂ ಕ್ಷೇಮ’ವೆಂದೇ ಉತ್ತರ. ವಾರಗಟ್ಟಲೆ ನಿದ್ದೆಯಿಲ್ಲದೆ, ಅನ್ನ ಸೇರದೆ ಮುದುಡಿ ಕುಳಿತ ಹುಡುಗನನ್ನು ಸೋಮಾರಿಯೆಂದು ಗದರಿಸುವ ಹಿರಿಯರು ನಮ್ಮಲ್ಲಿಯೂ ಉಂಟು. ಖಿನ್ನತೆಯು ರೋಗ, ಚಿಕಿತ್ಸೆಗೆ ಬಗ್ಗತಕ್ಕದ್ದು. ‘ಬದುಕೇ ಬೇಡವೆನಿಸುತ್ತಿದೆಯೇ?’ ಎಂದು ನೇರವಾಗಿ ಕೇಳಬೇಕು. ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟದು. ಎಷ್ಟೋ ವೇಳೆ ಭಾರವೇ ಇಳಿಯುವುದು. ಸರಕಾರವು 2022ರಲ್ಲಿ ಆರಂಭಿಸಿದ ‘ಟೆಲಿ ಮಾನಸ್’ಗೆ 14416ರಲ್ಲಿ ಹಗಲಿರುಳೂ ಹಣವಿಲ್ಲದೆ ಕರೆಮಾಡಬಹುದು; ಕನ್ನಡವನ್ನೂ ಆರಿಸಿಕೊಳ್ಳಬಹುದು. ನಮ್ಮ ಸಂಘಗಳು ನಾಟಕದ ಕರಪತ್ರಗಳ ಅಡಿಯಲ್ಲಿ ಈ ಸಂಖ್ಯೆಯನ್ನೇಕೆ ಅಚ್ಚು ಹಾಕಿಸಬಾರದು?