ಹೊಳೆಗೆ ನೀಲಿ ಬಳಿಯುವವರು

ನಮ್ಮ ಊರಿನ ಸುಶಿಕ್ಷಿತರ ಚಾವಡಿಗಳಲ್ಲಿ ನದೀಚಿತ್ರವೊಂದನ್ನು ತೂಗಹಾಕುವುದು ಈಗ ರೂಢಿಯಾಗಿರುವುದು. ಸುಲ್ತಾನ್ ಬತ್ತೇರಿಯ ಕಡವು, ಒಂದೆರಡು ದೋಣಿ, ಆಚೆಯ ದಡದ ತೆಂಗು, ಅವುಗಳ ಮೇಲೆ ಅಸ್ತಮಿಸುವ ಸೂರ್ಯ. ನೀರು ಮಾತ್ರ ಅಪ್ಪಟ ಇಂದ್ರನೀಲ; ತೆಂಗಿನ ಗರಿಗಳೋ ಗಿಳಿಹಸುರು. ವಾಚಕ ಮಹಾಶಯರನ್ನು ನಾನು ಕೇಳುವುದಿಷ್ಟೆ: ಇದು ಯಾವ ಊರಿನ ಹೊಳೆ?

ಗುರುಪುರ ಹೊಳೆಯು ನಮ್ಮ ನಗರದ ಪಕ್ಕದಲ್ಲಿ ಕಡಲಿಗೆ ಸಮಾನವಾಗಿ ದಕ್ಷಿಣಕ್ಕೆ ಹರಿದು ನೇತ್ರಾವತಿಯನ್ನು ಕೂಡುವುದು. ಹೊಳೆಗೂ ಕಡಲಿಗೂ ನಡುವೆ ತಣ್ಣೀರುಬಾವಿ, ಬೆಂಗರೆಗಳ ಮರಳುನೆಲ. ಆದುದರಿಂದ ನಗರದ ದಡದಲ್ಲಿ ನಿಂತವನಿಗೆ ಸಂಜೆಯ ಸೂರ್ಯನು ತೆಂಗುಗಳ ಬೆನ್ನ ಹಿಂದಿರುವನು. ದೀಪಕ್ಕೆ ಬೆನ್ನು ಕೊಟ್ಟವನ ಮುಖ ಕಪ್ಪಾಗಿ ಕಾಣುವುದನ್ನು ಯಾರು ತಾನೆ ಅರಿಯರು? ಆ ಹೊತ್ತಿನಲ್ಲಿ ತೆಂಗುಗಳು ಕಾಡಿಗೆಯ ಗೆರೆಗಳು. ನೀರು ಬೆಳಗಿದ ಹಿತ್ತಾಳೆ. ಆಷಾಢದಲ್ಲಾದರೋ ಘಟ್ಟದ ಮಣ್ಣನ್ನು ತೊಳೆದು ತರುವ ಹೊಳೆಗೆ ಕಾವಿಯ ಬಣ್ಣ. ೧೮೬೫ರಲ್ಲಿ ಬಾಸೆಲ್ ಮಿಶನ್ನಿನವರು ಇಲ್ಲಿ ಹಂಚಿನ ಕಾರ್ಖಾನೆ ತೆರೆದುದು ಈ ಹೊಳೆಗಳ ದಡದ ಜೇಡಿಮಣ್ಣನ್ನು ನಂಬಿಯೇ. ಮಾಡಿನ ಕೆಂಪೂ ಮಳೆಗಾಲದ ನೀರಿನ ಕೆಂಪೂ ದಾಯಾದಿಗಳು. ಒಂದನ್ನು ಉಳಿಸಿ ಇನ್ನೊಂದನ್ನು ಅಳಿಸಿದರೆ ಚಿತ್ರದಲ್ಲಿ ಊರೇ ಉಳಿಯದು.

"ಚಿತ್ರವು ಕಣ್ಣಿಗೆ ಹಿತವಾಗಬೇಕು, ಕೆಸರುನೀರನ್ನು ಗೋಡೆಗೇರಿಸುವುದೇಕೆ?" ಎಂದು ಕೆಲವರ ಆಕ್ಷೇಪ. ಕಾಮಸೂತ್ರದ ವ್ಯಾಖ್ಯಾನಕಾರನಾದ ಯಶೋಧರನು ಚಿತ್ರದ ಆರು ಅಂಗಗಳನ್ನು ಎಣಿಸುವಾಗ ಲಾವಣ್ಯಯೋಜನೆಯ ಜೊತೆಗೇ ಸಾದೃಶ್ಯವನ್ನೂ ವರ್ಣಿಕಾಭಂಗವನ್ನೂ ಹೇಳಿರುವನು. ಲಾವಣ್ಯವು ಸಾದೃಶ್ಯವನ್ನು ಮನೆಯಿಂದ ಹೊರಗೆ ಹಾಕಲೆಂದು ಬಂದುದಲ್ಲ. ಅಲೆ, ಜ್ವಾಲೆ, ಹೊಗೆ, ಪತಾಕೆಗಳನ್ನು ಗಾಳಿಯ ವೇಗಕ್ಕೆ ತಕ್ಕಂತೆ ಬರೆಯಬಲ್ಲವನೇ ಚಿತ್ರವನ್ನು ಬಲ್ಲವನೆಂಬುದು ವಿಷ್ಣುಧರ್ಮೋತ್ತರದ ಮತ. ನಮ್ಮ ಚಿತ್ರಗಳಲ್ಲಿ ಗಾಳಿಯಾದರೂ ಎಲ್ಲಿ? ದೂರದ ಮಾತನ್ನೇ ತೆಗೆದುಕೊಳ್ಳೋಣ. ೧೮೯೯ರಿಂದ ೧೯೦೧ರ ವರೆಗೆ ಲಂಡನ್ನಿಗೆ ಮತ್ತೆ ಮತ್ತೆ ಬಂದ ಫ್ರೆಂಚ್ ಚಿತ್ರಕಾರ ಮೊನೆಯು ಥೇಮ್ಸ್ ನದಿಯ ಮೇಲಣ ಹೊಗೆಮಂಜನ್ನು ಒರಸಿಹಾಕಲಿಲ್ಲ. ಒಂದೇ ಸೇತುವೆಯನ್ನು ಹೊತ್ತುಹೊತ್ತಿಗೆ ಬೇರೆ ಬೇರೆ ಬಟ್ಟೆಗಳಲ್ಲಿ ಬರೆದು, ಆ ಮಂಜಿನಲ್ಲಿ ಬೆಳಕು ಪಡುವ ಪಾಡನ್ನೇ ತೋರಿಸಿದನು. ಆ ಮಬ್ಬನ್ನು ಜನರು ಇಂದಿಗೂ ನಿಂತು ನೋಡುವರು.

ಬೈಯುವ ಅಧಿಕಾರ ನನಗಿದೆಯೆ? ಮಾಸ್ತರನಾಗಿದ್ದ ಕಾಲದಲ್ಲಿ ಒಮ್ಮೆ ಹುಡುಗರಿಗೆ ಹೊಳೆಯ ಚಿತ್ರ ಬರೆಯಲು ಹೇಳಿದೆನು. ಬೆಂಗರೆಯ ಹುಡುಗನೊಬ್ಬನು ನೀರಿಗೆ ಕೆಂಪುಗಂದು ಬಳಿದು ತಂದನು. "ನದಿ ನೀಲಿಯಲ್ಲವೇನೋ?" ಎಂದು ಗದರಿಸಿ ಹಾಳೆಯನ್ನು ಹಿಂದಕ್ಕೆ ಕೊಟ್ಟೆನು. ಅವನು ದಿನವೂ ಆ ಹೊಳೆಯನ್ನು ದೋಣಿಯಲ್ಲಿ ದಾಟಿ ಬರುತ್ತಿದ್ದವನು; ನಾನು ನದಿಯನ್ನು ಪುಸ್ತಕಗಳಲ್ಲಿ ಕಂಡವನು. ಮರುಮಾತಾಡದೆ ಅವನು ಕುಳಿತು ನೀಲಿ ಬಳಿದನು.