ತಾನೇ ತೆರೆಯುವ ಬಾಗಿಲು

ವಿದ್ಯಾರ್ಥಿ ಜೀವನಕ್ಕೂ ಪಾಸ್‌ವರ್ಡಿಗೂ ಇಂದು ಬಿಡಿಸಲಾಗದ ನಂಟು ಬೆಳೆದಿದೆ. ಪರೀಕ್ಷೆಯ ಅರ್ಜಿಗೆ ಯು.ಯು.ಸಿ.ಎಂ.ಎಸ್., ವಿದ್ಯಾರ್ಥಿವೇತನಕ್ಕೆ ಎಸ್.ಎಸ್.ಪಿ., ಪ್ರಮಾಣಪತ್ರಗಳಿಗೆ ಡಿಜಿಲಾಕರ್. ಒಂದೊಂದು ಬಾಗಿಲಿಗೂ ಒಂದೊಂದು ಬೀಗದ ಕೈ. ಇವನ್ನೆಲ್ಲ ನೆನಪಿಡಲಾರದೆ ನಾವು ಆ ಹೊಣೆಯನ್ನು ಪಾಸ್‌ವರ್ಡ್ ಮ್ಯಾನೇಜರಿಗೆ ಒಪ್ಪಿಸಿದ್ದೇವೆ. ಇದು ತಪ್ಪಲ್ಲ. ಎಲ್ಲ ಕಡೆಗೂ ಒಂದೇ ಪಾಸ್‌ವರ್ಡ್ ಇಡುವುದಕ್ಕಿಂತ, ನೋಟುಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಡುವುದಕ್ಕಿಂತ ಇದು ಎಷ್ಟೋ ಮೇಲು. ಆದರೆ ಬೀಗದ ಕೈ ಕಾಯುವವನಿಗೆ, ನಮ್ಮನ್ನು ಕೇಳದೆ ಬಾಗಿಲು ತೆರೆಯುವ ಅಧಿಕಾರವನ್ನೂ ಕೊಡಬೇಕೇ ಎಂಬುದು ನನ್ನ ಪ್ರಶ್ನೆ.

ಇಲ್ಲಿ ಎರಡು ಸಂಗತಿಗಳನ್ನು ಬೇರ್ಪಡಿಸಿ ನೋಡಬೇಕು. ಆಟೋಫಿಲ್ ಎಂಬುದು ಹೆಸರನ್ನೂ ಪಾಸ್‌ವರ್ಡನ್ನೂ ತುಂಬಿಕೊಡುತ್ತದೆ. ಗುಂಡಿ ಒತ್ತಿ ಒಳಗೆ ಹೋಗುವವರು ನಾವು. ಆಟೋ ಸೈನ್-ಇನ್ ಹಾಗಲ್ಲ. ಕೇಳದೆಯೇ ಒಳಕ್ಕೆ ಕರೆದೊಯ್ಯುತ್ತದೆ. ಮೊದಲನೆಯದರಲ್ಲಿ ಒಂದು ದೊಡ್ಡ ಗುಣವುಂಟು. ಅದು ತಾಣದ ವಿಳಾಸವನ್ನು ನೋಡುತ್ತದೆಯೇ ಹೊರತು ರೂಪವನ್ನಲ್ಲ. ವಿದ್ಯಾರ್ಥಿವೇತನದ ತಾಣವನ್ನೇ ಹೋಲುವ ನಕಲಿ ತಾಣ ನಮ್ಮ ಕಣ್ಣನ್ನು ವಂಚಿಸಬಹುದು. ಆದರೆ ವಿಳಾಸ ಬೇರೆಯಾದೊಡನೆ ಆಟೋಫಿಲ್ ಸುಮ್ಮನಾಗುತ್ತದೆ. ಆ ಮೌನವನ್ನೇ ಎಚ್ಚರಿಕೆಯೆಂದು ತಿಳಿಯಬೇಕು.

ಹಾಗೆಂದು ತುಂಬುವ ಕೆಲಸವೂ ಪೂರ್ತಿ ನಿರಪಾಯಕಾರಿಯಲ್ಲ. 2017ರ ಡಿಸೆಂಬರಿನಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ಸಂಶೋಧಕರು ಒಂದು ಸಂಗತಿಯನ್ನು ಬಯಲಿಗೆ ತಂದರು. ಜನರ ಜಾಡು ಹಿಡಿಯುವ ಎರಡು ಜಾಹೀರಾತು ಸಂಸ್ಥೆಗಳು ಪುಟದಲ್ಲಿ ಕಣ್ಣಿಗೆ ಕಾಣದ ಅರ್ಜಿ ನಮೂನೆಯನ್ನು ಅಡಗಿಸಿಟ್ಟು, ಬ್ರೌಸರ್ ತಾನಾಗಿ ತುಂಬಿದ ಇ-ಮೇಲ್ ವಿಳಾಸದಿಂದ ಆಳನ್ನು ಗುರುತುಹಿಡಿಯುತ್ತಿದ್ದವು. ಇಂಥ 1,110 ತಾಣಗಳು ಅವರಿಗೆ ಸಿಕ್ಕವು. ಬಿಟ್‌ವಾರ್ಡನ್ ಎಂಬ ಮ್ಯಾನೇಜರಿನಲ್ಲಿ ಪುಟ ತೆರೆದೊಡನೆ ತುಂಬುವ ಏರ್ಪಾಡನ್ನು ನಾವಾಗಿ ಬಯಸಿದ ಹೊರತು ಚಾಲೂ ಮಾಡದಿರುವುದು ವಿವೇಕದ ಕೆಲಸವೇ ಸರಿ.

ನಮ್ಮ ಆನೇಕಲ್ಲಿನಲ್ಲಿ ಈ ಮಾತಿಗೆ ಇನ್ನೊಂದು ಮುಖವಿದೆ. ನಮ್ಮಲ್ಲಿ ಎಷ್ಟೋ ಮಂದಿ ಮನೆಗೆ ಮೊದಲ ಪದವೀಧರರು. ಬೊಮ್ಮಸಂದ್ರ, ಜಿಗಣಿಗಳ ಕಾರ್ಖಾನೆಗಳಲ್ಲಿ ದುಡಿಯುವ ತಂದೆತಾಯಿಗಳ ಪಿ.ಎಫ್. ಖಾತೆ, ತಮ್ಮ ತಂಗಿಯರ ವಿದ್ಯಾರ್ಥಿವೇತನ, ಎಲ್ಲವೂ ನಮ್ಮ ಕೈಯಿಂದಲೇ ನಡೆಯಬೇಕು. ನಮ್ಮ ಮನೆಯಲ್ಲಿ ಅಪ್ಪನ ಪಾಳಿ ಮುಗಿದ ಮೇಲೆ ಫೋನು ನನ್ನ ಕೈಗೆ, ನನ್ನ ಓದು ಮುಗಿದ ಮೇಲೆ ತಮ್ಮನ ಕೈಗೆ ಬರುತ್ತದೆ. ಬಾಗಿಲು ತಾನೇ ತೆರೆಯುವಲ್ಲಿ ಫೋನು ಹಿಡಿದವನೇ ಒಡೆಯ. ಹಿಡಿದ ಕೈ ಯಾರದೆಂಬ ವಿಚಾರ ಯಂತ್ರಕ್ಕಿಲ್ಲ.

ಒಂದು ಗುಂಡಿ ಒತ್ತುವ ಶ್ರಮಕ್ಕೆ ಇಷ್ಟು ದೊಡ್ಡ ವಾದವೇಕೆ ಎಂದು ಮಿತ್ರರು ನಗಬಹುದು. ಆ ಒಂದು ಕ್ಷಣವೇ ನಮಗೆ ಯೋಚಿಸಲು ಉಳಿದಿರುವ ಅವಕಾಶ. ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಫಲವೇನು?

ಆದ್ದರಿಂದ ಮಾಡಬೇಕಾದುದು ಸ್ವಲ್ಪವೇ. ಗೂಗಲ್ ಪಾಸ್‌ವರ್ಡ್ ಮ್ಯಾನೇಜರಿನ ಸೆಟ್ಟಿಂಗ್ಸ್‌ನಲ್ಲಿ ಆಟೋ ಸೈನ್-ಇನ್ ಅನ್ನು ನಿಲ್ಲಿಸಿದರೆ, ಪ್ರತಿ ಸಲವೂ ಅದು ನಮ್ಮ ಒಪ್ಪಿಗೆ ಕೇಳುತ್ತದೆ. ಫೋನಿಗೆ ಬೀಗವಿರಲಿ. ಸೈಬರ್ ಸೆಂಟರಿನಲ್ಲಾಗಲಿ, ಕಾಲೇಜಿನ ಕಂಪ್ಯೂಟರಿನಲ್ಲಾಗಲಿ ಪಾಸ್‌ವರ್ಡ್ ಉಳಿಸಲೇ ಎಂದು ಕೇಳಿದಾಗ ಬೇಡವೆನ್ನಬೇಕು. ಕೆಲಸ ಮುಗಿದೊಡನೆ ಲಾಗ್ ಔಟ್ ಮಾಡಿಯೇ ಏಳಬೇಕು. ಹೊಸದಾಗಿ ಸೇರುವ ವಿದ್ಯಾರ್ಥಿಗಳಿಗೆ ಅರ್ಜಿ ತುಂಬುವುದನ್ನು ಕಲಿಸುವ ದಿನವೇ ಇದನ್ನೂ ತಿಳಿಸಿಕೊಡಬೇಕೆಂದು ನನ್ನ ಅಧ್ಯಾಪಕವೃಂದದಲ್ಲಿ ವಿನಂತಿಸುತ್ತೇನೆ.