ಆವೇಶ ಮತ್ತು ಅಭಿನಯ

ಬೆಂಗಳೂರಿನ ಗಾಂಧಿ ಬಜಾರಿನ ಹೂವಿನ ಅಂಗಡಿಗಳಲ್ಲಿ ಒಬ್ಬರು ಕೊಂಡ ಮಲ್ಲಿಗೆ ದೇವರ ಮುಡಿಗೇರುತ್ತದೆ. ಇನ್ನೊಬ್ಬರು ಕೊಂಡದ್ದು ನಾಟ್ಯಕ್ಕೆ ಸಜ್ಜಾದ ಬಾಲೆಯ ಜಡೆಯನ್ನು ಸೇರುತ್ತದೆ. ಹೂವು ಒಂದೇ, ಅದು ಸೇರುವ ನೆಲೆ ಬೇರೆ. ಕುಣಿತದ ವಿಷಯವೂ ಹೀಗೆಯೇ. ಒಂದೆಡೆ ಅದು ಆರಾಧನೆ, ಮತ್ತೊಂದೆಡೆ ಕಲೆ.

ತುಳುನಾಡಿನ ಭೂತಕೋಲ ಇದಕ್ಕೆ ಉತ್ತಮ ನಿದರ್ಶನ. ಪಂಬದ, ಪರವ, ನಲಿಕೆ ಸಮುದಾಯಗಳ ದೈವನರ್ತಕರು ಮುಖಕ್ಕೆ ಬಣ್ಣ ಬಳಿದು, ಬೆನ್ನಿಗೆ ಅಣಿಯನ್ನು ಕಟ್ಟಿ, ಕಾಲಿಗೆ ಗಗ್ಗರ ತೊಡುತ್ತಾರೆ. ದೈವದ ಹುಟ್ಟು, ಸಂಚಾರಗಳನ್ನು ಪಾಡ್ದನಗಳು ಹಾಡುತ್ತವೆ. ವೇಷ, ವಾದ್ಯ, ಹಾಡು, ಕುಣಿತ ಎಂಬ ರಂಗಭೂಮಿಯ ಸಾಮಗ್ರಿಯೆಲ್ಲವೂ ಅಲ್ಲಿದೆ. ಆದರೆ ಆವೇಶ ಬಂದ ಮೇಲೆ ನರ್ತಕರನ್ನು ಊರವರು ನಟರೆಂದು ಕಾಣುವುದಿಲ್ಲ. ತಮ್ಮ ರೋಗ, ಸಂಕಟ, ಮನೆತನದ ಜಗಳಗಳನ್ನು ದೈವದ ಮುಂದಿಟ್ಟು ಅದರ ನುಡಿಗಾಗಿ ಕೈಜೋಡಿಸಿ ಕಾಯುತ್ತಾರೆ.

ದೂರದ ಸೈಬೀರಿಯದಲ್ಲಿಯೂ ಇಂತಹ ಮಧ್ಯಸ್ಥರಿದ್ದರು. ಅವರಿಗೆ ‘ಶಾಮನ್’ ಎಂದು ಹೆಸರು. ಚರ್ಮವಾದ್ಯ ಬಾರಿಸಿ, ಹಾಡಿ ಕುಣಿದು, ಆತ್ಮಗಳೊಡನೆ ಮಾತನಾಡಿ ಅವರು ರೋಗಿಗಳನ್ನು ಸಂತೈಸುತ್ತಿದ್ದರು. ಈ ಶಕ್ತಿಗೆ ಆಧುನಿಕ ಕಲಾವಿದರೂ ಮನಸೋತಿದ್ದಾರೆ. ಜರ್ಮನಿಯ ಯೋಸೆಫ್ ಬಾಯ್ಸ್ 1974ರಲ್ಲಿ ನ್ಯೂಯಾರ್ಕಿನ ಕಲಾಮಂದಿರವೊಂದರಲ್ಲಿ ಉಣ್ಣೆಯ ಹೊದಿಕೆ ಹೊದ್ದು, ಕಯೋಟಿ ಎಂಬ ತೋಳಜಾತಿಯ ಕಾಡುಪ್ರಾಣಿಯೊಡನೆ ಮೂರು ದಿನ ಕಳೆದರು. ಸಮಾಜದ ಗಾಯವನ್ನು ಕಲೆ ಮಾಯಿಸಬೇಕೆಂಬುದು ಅವರ ಹಂಬಲವಾಗಿತ್ತು. ಹಂಬಲ ದೊಡ್ಡದೇ, ಆದರೆ ಪ್ರದರ್ಶನ ಮುಗಿದೊಡನೆ ಅವರು ಊರಿಗೆ ಮರಳಿದರು. ದೈವನರ್ತಕರಿಗೆ ಅಂತಹ ಬಿಡುಗಡೆ ಇಲ್ಲ. ನುಡಿ ಕೊಟ್ಟ ಊರಿನಲ್ಲಿಯೇ, ಅದನ್ನು ಕೇಳಿದ ಜನರ ನಡುವೆಯೇ ಅವರು ಬಾಳಬೇಕು. ಆವೇಶಕ್ಕೂ ಅಭಿನಯಕ್ಕೂ ಇರುವ ಮುಖ್ಯ ಅಂತರ ಈ ಹೊಣೆಯೇ ಆಗಿದೆ.

2022ರಲ್ಲಿ ‘ಕಾಂತಾರ’ ಚಲನಚಿತ್ರ ಬಂದ ಬಳಿಕ ಅಲ್ಲಲ್ಲಿ ವೇದಿಕೆಗಳ ಮೇಲೆ ದೈವದ ಅನುಕರಣೆ ನಡೆಯಿತು. ಆರಾಧಕರು ನೊಂದು ಆಕ್ಷೇಪಿಸಿದರು. ಕಲೆಯು ಆರಾಧನೆಯಿಂದ ಏನನ್ನೂ ಪಡೆಯಬಾರದೆಂದು ಹೇಳುವುದು ಸರಿಯಲ್ಲ. ಜಗತ್ತಿನ ಎಷ್ಟೋ ನಾಟ್ಯಪ್ರಕಾರಗಳು ಆರಾಧನೆಯ ಅಂಗಳದಲ್ಲಿಯೇ ಬೆಳೆದಿವೆ. ಆದರೆ ಹೊಣೆಯನ್ನು ಬಿಟ್ಟು ವೇಷವನ್ನಷ್ಟೇ ಎತ್ತಿಕೊಳ್ಳುವುದು ಕಲೆಯಲ್ಲ, ಅಣಕ.

ಇದಕ್ಕಿಂತಲೂ ದೊಡ್ಡ ಲೋಪವೊಂದಿದೆ. ರಾತ್ರಿ ಯಾರ ಪಾದಕ್ಕೆ ಊರು ಬಾಗುತ್ತಿತ್ತೋ ಅವರನ್ನೇ ಬೆಳಗಾದೊಡನೆ ಜಾತಿಯ ಹೆಸರಿನಲ್ಲಿ ಅಂಗಳದಾಚೆ ನಿಲ್ಲಿಸುತ್ತಿದ್ದ ಕಾಲವಿತ್ತು. ಆ ನೋವಿನ ನೆನಪು ಇನ್ನೂ ಮಾಸಿಲ್ಲ. 60 ವರ್ಷ ದಾಟಿದ ದೈವನರ್ತಕರಿಗೆ ತಿಂಗಳಿಗೆ 2000 ರೂಪಾಯಿ ಮಾಸಾಶನ ಕೊಡುವುದಾಗಿ ರಾಜ್ಯ ಸರ್ಕಾರವು 2022ರಲ್ಲಿ ಘೋಷಿಸಿತು. ಅದು ಯೋಗ್ಯವಾದ ಕ್ರಮ. ಆದರೆ ಮರ್ಯಾದೆಯನ್ನು ಮಾಸಾಶನದಿಂದ ತುಂಬಿಕೊಡಲಾಗದು. ದೈವದ ವೇಷಕ್ಕೆ ಸಲ್ಲಿಸುವ ಗೌರವವನ್ನು, ವೇಷ ಕಳಚಿಟ್ಟು ಹಗಲಿನಲ್ಲಿ ಎದುರಾಗುವ ಮನುಷ್ಯನಿಗೂ ಸಲ್ಲಿಸಬೇಕು. ಆರಾಧಕರಿಗೂ ಕಲಾವಿದರಿಗೂ ಇದು ಸಮಾನವಾದ ಕರ್ತವ್ಯ.